‘ಯಾವಾಗಲೂ’ ಮತ್ತು ‘ಎಂದೂ ಇಲ್ಲ’ಗಳ ನಡುವೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿದಾಗ, “ನೀನು ಸಾಫ್ಟ್‌ವೇರಿನವನು, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ಎರಡು ಮಾತು ಹೇಳಪ್ಪಾ” ಎಂದರು. ಕಂಪ್ಯೂಟರ್ ಬಗ್ಗೆ ಈಗಿನ ಮಕ್ಕಳಿಗೆ ನಾನು ಹೇಳಬೇಕಾದದ್ದು ಹೆಚ್ಚೇನೂ ಇಲ್ಲ, ಭಾಷೆ ಕಲಿಯುವುದರ ಬಗ್ಗೆ ಮಾತಾಡುತ್ತೇನೆ ಎಂದು ಕೇಳಿಕೊಂಡೆ. ಅವರು ಒಪ್ಪಿದರು. ಆ ಭಾಷೆ ಸ್ಪ್ಯಾನಿಷ್ ಎಂದು ಆಮೇಲೆ ಹೇಳಿದೆ! ಹಿರಿಯರು ಗಾಬರಿಯಾಗಬೇಡಿ. ನಾನು ಹೇಳಲಿರುವ ಸ್ಪ್ಯಾನಿಷ್‌ನಲ್ಲಿ ಅರ್ಧದಷ್ಟು ನಿಮಗೆ ಆಗಲೇ ಗೊತ್ತಿರುವ ಕನ್ನಡವೇ.

ಸ್ಪ್ಯಾನಿಷ್ ಸ್ಪೇನ್ ದೇಶದಲ್ಲಿ ಹುಟ್ಟಿದ ಭಾಷೆ. ಇವತ್ತು ಮೆಕ್ಸಿಕೊದಿಂದ ಅರ್ಜೆಂಟೀನಾದವರೆಗೆ ಸುಮಾರು 20 ದೇಶಗಳಲ್ಲಿ ಅದು ಆಡಳಿತದ ಭಾಷೆ. ನಾನು ಕೆಲಸ ಮಾಡುವ ತಂಡದ ಅರ್ಧ ಜನ ಬೆಂಗಳೂರಿನಲ್ಲಿದ್ದರೆ ಉಳಿದರ್ಧ ಮೆಕ್ಸಿಕೊದ ಗ್ವಾದಲಹಾರಾ ನಗರದಲ್ಲಿದ್ದಾರೆ. ನಮಗೆ ರಾತ್ರಿ 8 ಗಂಟೆಯಾದಾಗ ಅವರಿಗೆ ಬೆಳಿಗ್ಗೆ 8:30. ಕೆಲಸದ ಮಾತೆಲ್ಲ ಇಂಗ್ಲಿಷ್‌ನಲ್ಲಿ ನಡೆಯುತ್ತದೆ, ಆದರೆ ಅವರು ತಮ್ಮೊಳಗೆ ಬರೆದುಕೊಳ್ಳುವ ಟಿಪ್ಪಣಿಗಳು ಸ್ಪ್ಯಾನಿಷ್‌ನಲ್ಲಿರುತ್ತವೆ. ಅವನ್ನು ಓದಬೇಕೆಂದು ನಾನು ಆ ಭಾಷೆ ಕಲಿಯತೊಡಗಿದೆ.

ಯಾವ ಭಾಷೆ ಕಲಿತರೂ ಮೊದಲು ಊಟ, ನೀರು, ಅಪ್ಪ, ಅಮ್ಮ ಮುಂತಾದ ನಾಮಪದಗಳು ಬರುತ್ತವೆ. ತಪ್ಪು ಹೇಳಿದರೂ ಕೈಸನ್ನೆ ಮಾಡಿ ತೋರಿಸಬಹುದು. ಒಂದು ಕೆಲಸ ಎಷ್ಟು ಸಲ ನಡೆಯುತ್ತದೆ ಎನ್ನುವುದನ್ನು ಸನ್ನೆಯಲ್ಲಿ ತೋರಿಸಲು ಆಗುವುದಿಲ್ಲ. ಯಾವಾಗಲೂ, ಆಗಾಗ, ಒಮ್ಮೊಮ್ಮೆ, ಅಪರೂಪಕ್ಕೆ, ಎಂದೂ ಇಲ್ಲ: ಎಂಟನೇ ತರಗತಿಯ ವ್ಯಾಕರಣದಲ್ಲಿ ಅವ್ಯಯ ಎಂದು ಓದಿದ ಗುಂಪಿನವು ಇವು. ಲಿಂಗ, ವಚನಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ನೋಡಲು ಚಿಕ್ಕವು, ಆದರೆ ಇಡೀ ವಾಕ್ಯದ ಭಾರ ಇವುಗಳ ಮೇಲೆ ನಿಂತಿರುತ್ತದೆ.

ನಮ್ಮ ಕೆಲಸದ್ದೇ ಉದಾಹರಣೆ ಕೊಡುತ್ತೇನೆ. “ಗುಂಡಿ ಒತ್ತಿದರೆ ಹಣ ಪಾವತಿಯಾಗುತ್ತಿಲ್ಲ” ಎಂದು ಒಂದು ದೂರು ಬಂತು ಅನ್ನಿ. ‘ಯಾವಾಗಲೂ ಹೀಗೆ’ ಎಂದಿದ್ದರೆ ನಮಗೆ ಸುಲಭ. ನಾವೂ ಗುಂಡಿ ಒತ್ತಿ ನೋಡುತ್ತೇವೆ, ದೋಷ ಕಣ್ಣೆದುರೇ ಕಾಣುತ್ತದೆ. ‘ಒಮ್ಮೊಮ್ಮೆ ಹೀಗೆ’ ಎಂದಿದ್ದರೆ ಕಷ್ಟ. ಅದು ಯಾವ ಹೊತ್ತಿನಲ್ಲಿ, ಯಾವ ಫೋನಿನಲ್ಲಿ, ಯಾವ ನೆಟ್‌ವರ್ಕಿನಲ್ಲಿ ಎಂದು ರಾತ್ರಿಯಿಡೀ ದಾಖಲೆಗಳನ್ನು ಹುಡುಕಬೇಕು. ಒಂದೇ ಪದ, ನಾಲ್ಕು ಜನರ ನಿದ್ದೆಯ ಲೆಕ್ಕ.

ಈಗ ಸ್ಪ್ಯಾನಿಷ್ ಪದಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸೋಣ. ತುದಿಯ ಮೆಟ್ಟಿಲು ‘ಸಿಯೆಂಪ್ರೆ’, ಅಂದರೆ ಯಾವಾಗಲೂ. ಬುಡದ ಮೆಟ್ಟಿಲು ‘ನುಂಕಾ’, ಎಂದೂ ಇಲ್ಲ. ‘ಕಾಸಿ’ ಎಂದರೆ ಹೆಚ್ಚುಕಡಿಮೆ. ಅದನ್ನು ಎರಡಕ್ಕೂ ಸೇರಿಸಿದರೆ ಇನ್ನೆರಡು ಮೆಟ್ಟಿಲು ಸಿಗುತ್ತವೆ: ‘ಕಾಸಿ ಸಿಯೆಂಪ್ರೆ’, ಹೆಚ್ಚುಕಡಿಮೆ ಯಾವಾಗಲೂ, ‘ಕಾಸಿ ನುಂಕಾ’, ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮಧ್ಯದಲ್ಲಿ ‘ಆ ಬೆಸೆಸ್’, ಒಮ್ಮೊಮ್ಮೆ. ಸ್ಪ್ಯಾನಿಷ್ ಪ್ರಶ್ನಾವಳಿಗಳಲ್ಲಿ ‘ಸರಿಯಾದ ಉತ್ತರಕ್ಕೆ ಗುರುತು ಹಾಕಿ’ ಎಂದು ಕೊಡುವುದು ಬಹುಮಟ್ಟಿಗೆ ಈ ಐದನ್ನೇ. ಹೊಸದಾಗಿ ಕಲಿಯುವವರಿಗೆ ಇಷ್ಟು ಸಾಕು.

ಐದು ಮೆಟ್ಟಿಲುಗಳ ನಡುವಿನ ಸಂದಿಗಳಲ್ಲಿ ಇನ್ನೂ ಪದಗಳಿವೆ. ‘ಆ ಮೆನುದೊ’ ಎಂದರೆ ಮೇಲಿಂದ ಮೇಲೆ. ‘ಮೆನುದೊ’ಗೆ ಚಿಕ್ಕದು, ಸಣ್ಣದು ಎಂಬ ಅರ್ಥವಿದೆ. ಸಣ್ಣಗೆ ಹೆಚ್ಚಿದ ತರಕಾರಿಯ ಹೋಳುಗಳ ಹಾಗೆ ಹತ್ತಿರ ಹತ್ತಿರ ಬೀಳುವಂಥದ್ದು ಎಂದು ನೆನಪಿಟ್ಟುಕೊಳ್ಳಬಹುದು. ಮಾತಿನಲ್ಲಿ ಅದಕ್ಕಿಂತ ಸರಳವಾಗಿ ‘ಮುಚಾಸ್ ಬೆಸೆಸ್’, ಬಹಳ ಸಲ, ಎನ್ನುತ್ತಾರೆ. ಬರವಣಿಗೆಯಲ್ಲಿ ‘ಫ್ರೆಕ್ವೆಂತೆಮೆಂತೆ’ ಎಂಬ ಉದ್ದದ ಪದವಿದೆ. ಇದು ನಮ್ಮ ‘ಪದೇ ಪದೇ’ ಮತ್ತು ‘ಪುನರಾವರ್ತಿತವಾಗಿ’ಗಳ ನಡುವಿನ ಅಂತರದ ಹಾಗೆ. ಮನೆಯಲ್ಲಿ ಯಾರೂ ‘ಪುನರಾವರ್ತಿತವಾಗಿ ಕರೆಂಟ್ ಹೋಗುತ್ತದೆ’ ಎನ್ನುವುದಿಲ್ಲ. ‘ಆ ಬೆಸೆಸ್’ಗಿಂತ ಸ್ವಲ್ಪ ಕೆಳಗೆ ‘ದೆ ಬೆಸ್ ಎನ್ ಕ್ವಾಂದೊ’, ಆವಾಗೊಮ್ಮೆ ಈವಾಗೊಮ್ಮೆ. ಅದರ ಕೆಳಗೆ ‘ರಾರಾ ಬೆಸ್’, ಅಪರೂಪಕ್ಕೆ. ನುಂಕಾಗಿಂತಲೂ ಗಟ್ಟಿಯಾಗಿ ‘ಜನ್ಮದಲ್ಲಿ ಇಲ್ಲ’ ಎನ್ನಬೇಕಾದರೆ ‘ಖಮಾಸ್’.

ಮೇಲಿನ ಪದದ ಕೊನೆಯಲ್ಲಿ ‘ಮೆಂತೆ’ ಎಂದು ಬಂತಲ್ಲ, ಅದು ನಮ್ಮ ‘ಆಗಿ’ಯ ಕೆಲಸ ಮಾಡುತ್ತದೆ. ಸಾಮಾನ್ಯ, ಸಾಮಾನ್ಯವಾಗಿ, ‘ನೊರ್ಮಾಲ್’, ‘ನೊರ್ಮಾಲ್‌ಮೆಂತೆ’. ಇನ್ನೊಂದು ಹೋಲಿಕೆಯೂ ಇದೆ. ಕನ್ನಡದಲ್ಲಿ ‘ಸರಳವಾಗಿ ಹಾಗೂ ಸ್ಪಷ್ಟವಾಗಿ’ ಎನ್ನುವ ಬದಲು ‘ಸರಳ ಹಾಗೂ ಸ್ಪಷ್ಟವಾಗಿ’ ಎಂದರೆ ಸಾಕು, ಕೊನೆಯ ಒಂದು ‘ಆಗಿ’ ಎರಡಕ್ಕೂ ಅನ್ವಯಿಸುತ್ತದೆ. ಸ್ಪ್ಯಾನಿಷ್‌ನಲ್ಲೂ ಎರಡು ಪದ ಜೋಡಿಯಾಗಿ ಬಂದರೆ ಕೊನೆಯದಕ್ಕೆ ಮಾತ್ರ ‘ಮೆಂತೆ’ ಹಚ್ಚುತ್ತಾರೆ.

ಇಲ್ಲಿಂದ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಾವು ಸ್ಪ್ಯಾನಿಷ್ ಕಲಿಯುವುದು ಇಂಗ್ಲಿಷ್ ಪುಸ್ತಕಗಳಿಂದ, ಇಂಗ್ಲಿಷ್ ಆ್ಯಪ್‌ಗಳಿಂದ. ಹಾಗಾಗಿ ಮನಸ್ಸು ಮೊದಲು ಇಂಗ್ಲಿಷ್‌ಗೆ ಹೋಗಿ, ಅಲ್ಲಿಂದ ಸ್ಪ್ಯಾನಿಷ್‌ಗೆ ಹೋಗುತ್ತದೆ. ಈ ಪದಗಳ ವಿಷಯದಲ್ಲಿ ಅದು ಸುತ್ತಿ ಬಳಸುವ ದಾರಿ. ಮೊದಲು ಕನ್ನಡವನ್ನು ಕೇಳಿ ನೋಡಿ, ಅನೇಕ ಕಡೆ ದಾರಿ ನೆಟ್ಟಗಾಗುತ್ತದೆ. ಮೂರು ಸಾಕ್ಷಿ ಕೊಡುತ್ತೇನೆ.

ಮೊದಲನೆಯದು ನಿಷೇಧ. ‘ಅವನು ಎಂದೂ ಬರುವುದಿಲ್ಲ’ ಎನ್ನುವುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ನೋ ಬಿಯೆನೆ ನುಂಕಾ’ ಎನ್ನುತ್ತಾರೆ. ‘ಬಿಯೆನೆ’ ಬರುತ್ತಾನೆ, ‘ನೋ’ ಇಲ್ಲ, ‘ನುಂಕಾ’ ಎಂದೂ. ಇಂಗ್ಲಿಷ್ ಮೇಷ್ಟ್ರು ‘ನೆವರ್’ ಇದ್ದ ಕಡೆ ಇನ್ನೊಂದು ‘ನಾಟ್’ ಹಾಕಿದರೆ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದರು. ಎರಡು ನಿಷೇಧ ಬಂದರೆ ಅರ್ಥ ಕೆಡುತ್ತದೆ ಎಂಬುದು ಅಲ್ಲಿನ ನಿಯಮ. ಇಂಗ್ಲಿಷ್ ಮೂಲಕ ಕಲಿಯುವವರು ಆ ಭಯದಿಂದ ‘ನೋ’ ಬಿಟ್ಟು ‘ಬಿಯೆನೆ ನುಂಕಾ’ ಎಂದುಬಿಡುತ್ತಾರೆ. ಅದು ಸ್ಪ್ಯಾನಿಷ್‌ನಲ್ಲಿ ಅಪೂರ್ಣ ವಾಕ್ಯ. ಕನ್ನಡಿಗರಿಗೆ ಈ ಭಯವಿಲ್ಲ. ‘ಎಂದೂ’ ಬಂದರೆ ಹಿಂದೆಯೇ ‘ಇಲ್ಲ’ ಬರಬೇಕೆಂದು ನಮ್ಮ ನಾಲಿಗೆಗೆ ಗೊತ್ತು. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ: ನುಂಕಾ ವಾಕ್ಯದ ಮೊದಲಿಗೇ ಬಂದರೆ ‘ನುಂಕಾ ಬಿಯೆನೆ’ ಎಂದಷ್ಟೇ ಹೇಳಬೇಕು, ‘ನೋ’ ಬೇಡ. ಮುಂದೆ ಬಂದರೆ ಒಂಟಿ, ಹಿಂದೆ ಬಂದರೆ ಜೋಡಿ.

ಎರಡನೆಯದು ಭೂತಕಾಲ. ‘ಪ್ರತಿ ಭಾನುವಾರ ಸಂತೆಗೆ ಹೋಗುತ್ತಿದ್ದೆ’ ಎನ್ನುತ್ತೇವೆ. ‘ಹೋದ ತಿಂಗಳು ಮೂರು ಸಲ ಸಂತೆಗೆ ಹೋದೆ’ ಎನ್ನುತ್ತೇವೆ. ರೂಢಿಗೆ ‘ಹೋಗುತ್ತಿದ್ದೆ’, ಎಣಿಸಿ ಮುಗಿಸಿದ್ದಕ್ಕೆ ‘ಹೋದೆ’. ಇಂಗ್ಲಿಷ್‌ನಲ್ಲಿ ಎರಡಕ್ಕೂ ‘ವೆಂಟ್’ ನಡೆಯುತ್ತದೆ. ಸ್ಪ್ಯಾನಿಷ್‌ನಲ್ಲಿ ನಡೆಯುವುದಿಲ್ಲ. ರೂಢಿಗೆ ‘ಈಬಾ’, ಎಣಿಸಿದ್ದಕ್ಕೆ ‘ಫುಯಿ’. ಇಂಗ್ಲಿಷ್ ಮಾತೃಭಾಷೆಯವರು ಇದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ನಾವು ‘ಹೋಗುತ್ತಿದ್ದೆ’ಯೋ ‘ಹೋದೆ’ಯೋ ಎಂದು ಮನಸ್ಸಿನಲ್ಲೇ ಹೇಳಿಕೊಂಡರೆ ಉತ್ತರ ಸಿಗುತ್ತದೆ. ಆದರೆ ‘ಸಿಯೆಂಪ್ರೆ’ ಕಂಡ ಕೂಡಲೇ ಕಣ್ಣುಮುಚ್ಚಿ ರೂಢಿಯ ರೂಪ ಹಾಕಬಾರದು. ಮುಗಿದುಹೋದ ಒಂದು ಇಡೀ ಅವಧಿಯನ್ನು ಒಟ್ಟಾಗಿ ನೋಡಿ ಹೇಳುವಾಗ ಎರಡನೆಯ ರೂಪವೂ ಬರುತ್ತದೆ. ‘ಅಜ್ಜ ಯಾವಾಗಲೂ ನಮ್ಮ ಪರವಾಗಿಯೇ ನಿಂತರು’ ಎಂದು ನಾವೂ ಹೇಳುವುದಿಲ್ಲವೇ? ಹಾಗೆ.

ಮೂರನೆಯದು ವಾರದ ದಿನಗಳು. ‘ಎಲ್ ಲುನೆಸ್’ ಎಂದರೆ ಒಂದು ಸೋಮವಾರ, ಬರುವ ಸೋಮವಾರ. ‘ಲೋಸ್ ಲುನೆಸ್’ ಎಂದರೆ ಪ್ರತಿ ಸೋಮವಾರ. ಲುನೆಸ್ ಎಂಬ ಪದ ಬದಲಾಗುವುದಿಲ್ಲ, ಅದರ ಹಿಂದಿನ ‘ಎಲ್’ ಮಾತ್ರ ‘ಲೋಸ್’ ಆಗುತ್ತದೆ. ಕೆಲಸದ ಮಾತಿನಲ್ಲಿ ಈ ಒಂದಕ್ಷರದ ಬೆಲೆ ದೊಡ್ಡದು. ಒಂದು ಸೋಮವಾರ ಮಾತ್ರ ಸರ್ವರ್ ನಿಲ್ಲಿಸಬೇಕೋ, ಸೋಮವಾರ ಬಂದಾಗಲೆಲ್ಲ ನಿಲ್ಲಿಸಬೇಕೋ? ನಮ್ಮ ಹಳ್ಳಿಯ ಮಾತಿನಲ್ಲಿ ಇದಕ್ಕೆ ಚಂದದ ಉಪಾಯವಿದೆ. ‘ಸೋಮವಾರ ಬರ್ತೀನಿ’ ಎಂದರೆ ಒಂದು ಸಲ, ‘ಸೋಮವಾರ ಸೋಮವಾರ ಬರ್ತೀನಿ’ ಎಂದರೆ ಪ್ರತಿ ವಾರ. ಪದವನ್ನು ಎರಡು ಸಲ ಹೇಳಿ ನಾವು ಸಾಧಿಸುವುದನ್ನು ಅವರು ‘ಲೋಸ್’ ಹಾಕಿ ಸಾಧಿಸುತ್ತಾರೆ.

ದಿನ ಬಿಟ್ಟು ದಿನ ಎನ್ನುವುದಕ್ಕೆ ಅವರು ‘ಉನ್ ದಿಯಾ ಸಿ, ಒತ್ರೊ ನೋ’ ಎನ್ನುತ್ತಾರೆ. ಒಂದು ದಿನ ಹೌದು, ಇನ್ನೊಂದು ದಿನ ಇಲ್ಲ. ಇದನ್ನೇ ತಿರುಚಿ ‘ಉನ್ ದಿಯಾ ಸಿ ಇ ಒತ್ರೊ ತಂಬಿಯೆನ್’ ಎಂಬ ಕುಚೋದ್ಯದ ಮಾತೂ ಇದೆ. ಒಂದು ದಿನ ಹೌದು, ಇನ್ನೊಂದು ದಿನವೂ ಹೌದು! ಅಂದರೆ ದಿನಾಲೂ ಅದೇ ಗೋಳು. ಬೇಸಿಗೆಯಲ್ಲಿ ನಮ್ಮೂರಿನ ಕರೆಂಟಿಗೆ ಈ ಮಾತು ಸರಿಯಾಗಿ ಹೊಂದುತ್ತದೆ.

ಹಾಗೆಂದು ಕನ್ನಡವೇ ಎಲ್ಲ ಕಡೆ ಕೈ ಹಿಡಿಯುತ್ತದೆ ಎಂದು ನಾನು ಹೇಳುವುದಿಲ್ಲ. ‘ಅವನು ಯಾವಾಗಲೂ ಬರುವುದಿಲ್ಲ’ ಎಂಬ ವಾಕ್ಯ ನೋಡಿ. ಈ ಸಭೆಯಲ್ಲಿ ಕೈ ಎತ್ತಿಸಿದರೆ ಅರ್ಧ ಜನ ‘ಅವನು ಬರುವುದೇ ಇಲ್ಲ’ ಎಂದು ತಿಳಿಯುತ್ತಾರೆ, ಅರ್ಧ ಜನ ‘ಬರುತ್ತಾನೆ, ಆದರೆ ಪ್ರತಿ ಸಲವೂ ಅಲ್ಲ’ ಎಂದು ತಿಳಿಯುತ್ತಾರೆ. ಮನೆಯಲ್ಲಿ ಹೇಳುವವರ ದನಿ ಕೇಳಿ ಅರ್ಥ ಮಾಡಿಕೊಳ್ಳುತ್ತೇವೆ. ಕಾಗದದ ಮೇಲೆ ದನಿ ಇರುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಇವು ಎರಡು ಬೇರೆ ವಾಕ್ಯಗಳು. ಪ್ರತಿ ಸಲ ಬರುವುದಿಲ್ಲ ಎನ್ನಲು ‘ನೋ ಬಿಯೆನೆ ಸಿಯೆಂಪ್ರೆ’, ಬರುವುದೇ ಇಲ್ಲ ಎನ್ನಲು ‘ನುಂಕಾ ಬಿಯೆನೆ’. ಹಾಗಾಗಿ ಕನ್ನಡ ವಾಕ್ಯವನ್ನು ಮೊದಲು ಕನ್ನಡದಲ್ಲೇ ಬಿಡಿಸಿಕೊಂಡು ಆಮೇಲೆ ದಾಟಿಸಬೇಕು. ಈ ಅಭ್ಯಾಸದಿಂದ ನಮ್ಮ ಕನ್ನಡವೂ ಚೊಕ್ಕವಾಗುತ್ತದೆ.

ಪದವನ್ನು ವಾಕ್ಯದಲ್ಲಿ ಎಲ್ಲಿಡಬೇಕು ಎಂಬುದೂ ಮುಖ್ಯ. ‘ಸಿಯೆಂಪ್ರೆ’ಯನ್ನು ಕ್ರಿಯಾಪದದ ಹಿಂದೆ ಇಡಬಹುದು, ಮುಂದೆ ಇಡಬಹುದು. ಆದರೆ ‘ನಾನು ಯಾವಾಗಲೂ ಇಲ್ಲೇ ವಾಸಿಸಿದ್ದೇನೆ’ ಎನ್ನುವಾಗ ‘ಸಿಯೆಂಪ್ರೆ ಎ ಬಿಬಿದೊ ಆಕಿ’ ಎನ್ನಬೇಕು. ‘ಎ’ ಮತ್ತು ‘ಬಿಬಿದೊ’ ಎರಡೂ ಸೇರಿ ಒಂದು ಕ್ರಿಯೆ. ಇಂಗ್ಲಿಷ್‌ನಲ್ಲಿ ‘ಹ್ಯಾವ್ ಆಲ್ವೇಸ್ ಲಿವ್ಡ್’ ಎಂದು ನಡುವೆ ತೂರಿಸುತ್ತಾರೆ. ಇಲ್ಲಿ ಹಾಗೆ ತೂರಿಸುವಂತಿಲ್ಲ. ‘ವಾಸಿಸಿ’ ಮತ್ತು ‘ಇದ್ದೇನೆ’ಗಳ ನಡುವೆ ‘ಯಾವಾಗಲೂ’ ಸೇರಿಸಲು ನಮಗೂ ಮನಸ್ಸು ಬರುವುದಿಲ್ಲವಲ್ಲ.

ಇನ್ನು ಪ್ರದೇಶದ ಬಣ್ಣ. ಮಂಗಳೂರಿನ ಕನ್ನಡ, ಧಾರವಾಡದ ಕನ್ನಡ, ಮೈಸೂರಿನ ಕನ್ನಡ ಬೇರೆ ಬೇರೆ ಇರುವ ಹಾಗೆ ಸ್ಪ್ಯಾನಿಷ್‌ನಲ್ಲೂ ಉಂಟು. ಮೇಲಿಂದ ಮೇಲೆ ಎನ್ನಲು ಮೆಕ್ಸಿಕೊದವರು ‘ಸೆಗಿದೊ’ ಎನ್ನುತ್ತಾರೆ. ಸ್ಪೇನಿನವರಿಗೆ ಆ ಪದ ಕೇಳಿದರೆ ‘ಬಿಡುವಿಲ್ಲದೆ, ಒಂದರ ಹಿಂದೆ ಒಂದು’ ಎಂಬ ಅರ್ಥ ಮೊದಲು ಹೊಳೆಯುತ್ತದೆ. ಇನ್ನೊಂದು ವಿಚಿತ್ರ ‘ಸಿಯೆಂಪ್ರೆ ನೋ’. ಪದಶಃ ನೋಡಿದರೆ ‘ಯಾವಾಗಲೂ ಇಲ್ಲ’. ಮೆಕ್ಸಿಕೊದಲ್ಲಿ ಅದರ ಅರ್ಥ ‘ಕೊನೆಗೆ ಬೇಡವೆಂದಾಯಿತು’. ನಾಳೆ ಬರುತ್ತೇನೆ ಎಂದವನು ಸಂಜೆ ಫೋನ್ ಮಾಡಿ ‘ಸಿಯೆಂಪ್ರೆ ನೋ’ ಎಂದರೆ, ಬರುವ ಯೋಚನೆ ಕೈಬಿಟ್ಟಿದ್ದಾನೆ ಎಂದಷ್ಟೇ. ಎಂದೆಂದಿಗೂ ಬರುವುದಿಲ್ಲ ಎಂದಲ್ಲ. ಅನುವಾದ ಯಂತ್ರಕ್ಕೆ ಕೊಟ್ಟು ಅದು ಹೇಳಿದ್ದನ್ನೇ ನಂಬಿದರೆ ಸ್ನೇಹವೇ ಕೆಡಬಹುದು.

ಯಂತ್ರದ ಮಾತು ಬಂದದ್ದರಿಂದ ಒಂದು ಗಂಭೀರ ವಿಷಯ ಹೇಳಲೇಬೇಕು. ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗದಲ್ಲಿ ಸ್ಪ್ಯಾನಿಷ್ ಮಾತಾಡುವವರು ಬಹಳ. ಅಲ್ಲಿನ ಔಷಧದ ಅಂಗಡಿಗಳಲ್ಲಿ ಕಂಪ್ಯೂಟರ್ ಅನುವಾದಿಸಿ ಅಚ್ಚುಹಾಕಿದ ಸ್ಪ್ಯಾನಿಷ್ ಚೀಟಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2010ರಲ್ಲಿ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಮಾರು ಅರ್ಧದಷ್ಟು ಚೀಟಿಗಳಲ್ಲಿ ದೋಷವಿತ್ತು. ಹಲವು ಚೀಟಿಗಳಲ್ಲಿ ಅರ್ಧ ಸ್ಪ್ಯಾನಿಷ್, ಅರ್ಧ ಇಂಗ್ಲಿಷ್. ಇದರಲ್ಲಿ ಅಪಾಯ ಎಲ್ಲಿದೆ ಗೊತ್ತೇ? ‘ದಿನಕ್ಕೆ ಒಂದು ಸಲ’ ಎನ್ನಲು ಇಂಗ್ಲಿಷ್‌ನಲ್ಲಿ ‘ಒನ್ಸ್’ ಎಂದು ಬರೆಯುತ್ತಾರೆ. ಅದೇ ನಾಲ್ಕು ಅಕ್ಷರಗಳನ್ನು ಸ್ಪ್ಯಾನಿಷ್‌ನವರು ‘ಒನ್ಸೆ’ ಎಂದು ಓದುತ್ತಾರೆ. ಸ್ಪ್ಯಾನಿಷ್‌ನಲ್ಲಿ ಒನ್ಸೆ ಎಂದರೆ ಹನ್ನೊಂದು. ಆ ಪದ ಅನುವಾದವಾಗದೆ ಉಳಿದರೆ, ದಿನಕ್ಕೆ ಒಂದು ಸಲ ಕೊಡಬೇಕಾದ ಔಷಧವನ್ನು ತಾಯಿಯೊಬ್ಬಳು ಹನ್ನೊಂದು ಸಲ ಎಂದು ಓದುವ ಸಾಧ್ಯತೆ ಇದೆ. ಬರೆಯಬೇಕಾದದ್ದು ‘ಉನಾ ಬೆಸ್ ಆಲ್ ದಿಯಾ’, ದಿನಕ್ಕೆ ಒಂದು ಸಲ.

ಸರಿಯಾಗಿ ಅನುವಾದವಾದ ಚೀಟಿಯನ್ನೂ ಎಚ್ಚರದಿಂದ ಓದಬೇಕು. ‘ತ್ರೆಸ್ ಬೆಸೆಸ್ ಆಲ್ ದಿಯಾ’ ಎಂದರೆ ದಿನಕ್ಕೆ ಮೂರು ಸಲ. ‘ಕಾದಾ ಒಚೊ ಓರಾಸ್’ ಎಂದರೆ ಎಂಟು ಗಂಟೆಗೊಮ್ಮೆ. ಎರಡೂ ಲೆಕ್ಕಕ್ಕೆ ಮೂರೇ. ಆದರೆ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟವಾದ ಮೇಲೆ ತೆಗೆದುಕೊಂಡರೆ ಎಂಟು ಗಂಟೆಯ ಅಂತರ ಉಳಿಯುವುದಿಲ್ಲ. ಮೊದಲನೆಯದು ಎಣಿಕೆ ಹೇಳುತ್ತದೆ, ಎರಡನೆಯದು ಅಂತರ ಹೇಳುತ್ತದೆ. ನಮ್ಮ ಔಷಧದ ಅಂಗಡಿಯವರು ಕವರಿನ ಮೇಲೆ 1-0-1 ಎಂದು ಬರೆದುಕೊಡುತ್ತಾರಲ್ಲ, ಓದು ಬಾರದವರಿಗೂ ತಿಳಿಯುವ ಹಾಗೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಅದನ್ನು ನೋಡಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ತಂತ್ರಾಂಶ ಬರೆಯುವ ನಾವೂ ಅಷ್ಟೇ ಕಾಳಜಿಯಿಂದ ಬರೆಯಬೇಕು.

ಹಾಗಾದರೆ ಸರಿಯಾದ ಪದ ಆರಿಸುವುದು ಹೇಗೆ? ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮೊದಲು, ನನಗೆ ಎಣಿಕೆ ಗೊತ್ತಿದೆಯೇ? ಗೊತ್ತಿದ್ದರೆ ‘ವಾರಕ್ಕೆ ಎರಡು ಸಲ’ ಎಂದು ಎಣಿಕೆಯನ್ನೇ ಹೇಳುವುದು ಉತ್ತಮ, ‘ಆಗಾಗ’ ಬೇಡ. ಎರಡನೆಯದು, ಇದು ಎಣಿಕೆಯೋ ರೂಢಿಯೋ? ರೂಢಿಯಾದರೆ ಸ್ಪ್ಯಾನಿಷ್‌ನಲ್ಲಿ ‘ಸೊಲೆರ್’ ಎಂಬ ಕ್ರಿಯಾಪದವೇ ಇದೆ. ಆರು ಗಂಟೆಗೆ ಏಳುವುದು ನನ್ನ ರೂಢಿ ಎನ್ನಲು ಬೇರೆ ಅವ್ಯಯವೇ ಬೇಡ, ‘ಸ್ವೆಲೊ’ ಎಂದು ಶುರು ಮಾಡಿದರೆ ಆಯಿತು. ಮೂರನೆಯದು, ನಾನು ‘ಸಿಯೆಂಪ್ರೆ’, ‘ನುಂಕಾ’ ಎಂಬ ತುದಿಯ ಪದಗಳನ್ನು ಬಳಸುತ್ತಿದ್ದರೆ, ಅದು ನಿಜವೇ? ‘ಕಾಸಿ’ ಎಂಬ ಪುಟ್ಟ ಪದ ಸೇರಿಸಬೇಕೇ? ಜಗಳದಲ್ಲಿ ‘ನೀನು ಯಾವಾಗಲೂ ಹೀಗೇ’ ಎನ್ನುತ್ತೇವಲ್ಲ, ಅಲ್ಲಿಯೂ ಒಂದು ‘ಕಾಸಿ’ ಸೇರಿಸಿದರೆ ಅರ್ಧ ಜಗಳ ತಣ್ಣಗಾಗುತ್ತದೆ.

ವಿದ್ಯಾರ್ಥಿಗಳೇ, ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದೇವೆ, ಮುಂದೆ ಹೇಗೋ ಏನೋ ಎಂಬ ಅಳುಕು ನಿಮ್ಮಲ್ಲೂ ಇದೆ, ನಿಮ್ಮ ಅಪ್ಪ ಅಮ್ಮನಲ್ಲೂ ಇದೆ ಎಂದು ನನಗೆ ಗೊತ್ತು. ಇಂಗ್ಲಿಷ್ ಬೇಕು. ಅದನ್ನು ಚೆನ್ನಾಗಿ ಕಲಿಯಿರಿ, ಅದರಲ್ಲಿ ಎರಡು ಮಾತಿಲ್ಲ. ಬಿ.ಇ. ಓದುವಾಗ ಅದಿಲ್ಲದೆ ನನಗೂ ನಡೆಯಲಿಲ್ಲ. ಆದರೆ ಕನ್ನಡವನ್ನು ಬದಿಗಿಟ್ಟರೆ ಮಾತ್ರ ಬೇರೆ ಭಾಷೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇವತ್ತು ನೀವೇ ನೋಡಿದಿರಿ. ‘ಎಂದೂ ಬರುವುದಿಲ್ಲ’, ‘ಹೋಗುತ್ತಿದ್ದೆ’, ‘ಸೋಮವಾರ ಸೋಮವಾರ’: ಇವು ಯಾವುದನ್ನೂ ನಿಮಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಇದೇ ಕೋಣೆಗಳಲ್ಲಿ ಕನ್ನಡ ವ್ಯಾಕರಣದ ಪಾಠವನ್ನು ಅಂಕಕ್ಕಾಗಿ ಮಾತ್ರ ಓದದೆ, ನಾವು ಮಾತಾಡುವುದು ಹೇಗೆ ಎಂದು ಗಮನಿಸುತ್ತ ಓದಿದರೆ, ಮುಂದೆ ಸ್ಪ್ಯಾನಿಷ್ ಇರಲಿ, ಜಪಾನಿ ಇರಲಿ, ಆ ಬುನಾದಿ ನಿಮ್ಮ ಜೊತೆ ಬರುತ್ತದೆ.

ನಮಗೆ ಆ ಬುನಾದಿ ಹಾಕಿಕೊಟ್ಟ ಗುರುಗಳು ಇಲ್ಲಿದ್ದಾರೆ, ಕೆಲವರು ಇವತ್ತು ನಮ್ಮೊಂದಿಗಿಲ್ಲ. ಎಲ್ಲರಿಗೂ ನನ್ನ ನಮನಗಳು. ಈ ಶಾಲೆ ನೂರರ ಸಂಭ್ರಮವನ್ನೂ ಕಾಣಲಿ.